ಮೇಷ್ಟರಿಗೂ ಒಬ್ಬ ಜೊತೆಗಾರ

“ನಾಳೆ ಇನ್‌ಸ್ಪೆಕ್ಟರು ಬರುತ್ತಾರಂತೆ!” ಈ ಮಾತು ಕಿವಿಗೆ ಬಿದ್ದೊಡನೆ ಶಾಲೆಯಲ್ಲಿ ಏಳುತ್ತಿದ್ದ ಗಡಿಬಿಡಿ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಗೋಡೆಗೆ ಸುಣ್ಣ, ಬಾಗಿಲಿಗೆ ತೋರಣ, ಮೇಷ್ಟರ ಹಣೆಯ ಮೇಲೆ ಬೆವರು. ಅವರು ಬರುವುದೇ ತಪ್ಪು ಹುಡುಕುವುದಕ್ಕೆ ಎಂದು ನಾವೆಲ್ಲ ನಂಬಿದ್ದೆವು. ಆದರೆ ಈ ಹುದ್ದೆ ಹುಟ್ಟಿದ್ದು ಹೆದರಿಸುವುದಕ್ಕಲ್ಲ ಎಂದರೆ ನಿಮಗೆ ಆಶ್ಚರ್ಯವಾದೀತು.

ಇಂಗ್ಲೆಂಡಿನ ಸರ್ಕಾರ ಮೊದಲ ಬಾರಿಗೆ ಶಾಲಾ ಇನ್‌ಸ್ಪೆಕ್ಟರುಗಳನ್ನು ನೇಮಿಸಿದ್ದು 1839ರಲ್ಲಿ. ಮರುವರ್ಷ ಅವರಿಗೆ ಕೊಟ್ಟ ಸೂಚನೆಗಳ ತಿರುಳು ಇಷ್ಟು: ನೀವು ಹೋಗುವುದು ಅಧಿಕಾರ ನಡೆಸಲಿಕ್ಕಲ್ಲ, ನೆರವಾಗಲಿಕ್ಕೆ. ಎಷ್ಟು ಒಳ್ಳೆಯ ಆರಂಭ!

ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಗಾಳಿ ತಿರುಗಿತು. 1862ರ ಹೊಸ ನಿಯಮ ಶಾಲೆಯ ಸಹಾಯಧನವನ್ನು ಮಕ್ಕಳ ಪರೀಕ್ಷೆಗೆ ಗಂಟುಹಾಕಿತು. ಓದು, ಬರಹ, ಲೆಕ್ಕ, ಈ ಮೂರರಲ್ಲಿ ಒಂದರಲ್ಲಿ ಮಗು ಸೋತರೂ 2 ಶಿಲಿಂಗು 8 ಪೆನ್ಸು ಖೋತಾ! ಮೇಷ್ಟರು ಏನು ಮಾಡಿಯಾರು? ಪುಸ್ತಕವನ್ನೇ ಬಾಯಿಪಾಠ ಮಾಡಿಸಿದರು. ಮಗು ಗಿಳಿಯಂತೆ ಒಪ್ಪಿಸುತ್ತಿತ್ತು. ಓದುವುದು ಮಾತ್ರ ಬರುತ್ತಿರಲಿಲ್ಲ. ಕವಿ ಮ್ಯಾಥ್ಯೂ ಆರ್ನಾಲ್ಡನು 1851ರಿಂದ 1886ರವರೆಗೆ ಇನ್‌ಸ್ಪೆಕ್ಟರಾಗಿದ್ದವನು. ತನ್ನ ಇಲಾಖೆಯದೇ ಆದ ಈ ಪದ್ಧತಿಯನ್ನು ಅವನು ವರದಿಗಳಲ್ಲಿ ಎದೆಗುಂದದೆ ಖಂಡಿಸಿದನು. ಶತಮಾನ ಮುಗಿಯುವ ಮೊದಲೇ ಸರ್ಕಾರ ಅದನ್ನು ಕೈಬಿಡಬೇಕಾಯಿತು.

ನಮ್ಮ ದೇಶಕ್ಕೆ ಈ ಏರ್ಪಾಡು ಬಂದದ್ದು 1854ರ ವುಡ್ ಸಾಹೇಬರ ಶಿಕ್ಷಣ ಪತ್ರದ ತರುವಾಯ. ಪ್ರಾಂತಕ್ಕೊಂದು ವಿದ್ಯಾ ಇಲಾಖೆ, ಶಿಕ್ಷಕರ ತರಬೇತಿಗೆ ನಾರ್ಮಲ್ ಶಾಲೆ, ಮೇಲ್ವಿಚಾರಣೆಗೆ ಇನ್‌ಸ್ಪೆಕ್ಟರು. ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು; ಕನ್ನಡದ ಮಕ್ಕಳು ಕಲಿಯುವ ಶಾಲೆಗಳಲ್ಲಿಯೂ ಮರಾಠಿಯೇ ಮೆರೆಯುತ್ತಿತ್ತು. ಅಂಥ ಕಾಲದಲ್ಲಿ ಚನ್ನಬಸಪ್ಪನವರು (1834–1881) ಅಲ್ಲಿಯ ನಾರ್ಮಲ್ ಶಾಲೆಯ ಮುಖ್ಯಸ್ಥರಾಗಿ ಕನ್ನಡದ ಶಿಕ್ಷಕರನ್ನು ಸಿದ್ಧಗೊಳಿಸಿದರು. ಮುಂದೆ ಡೆಪ್ಯುಟಿ ಇನ್‌ಸ್ಪೆಕ್ಟರಾಗಿ ಶಾಲೆಗಳನ್ನು ನೋಡಹೊರಟರು. ಮೇಷ್ಟರಿಗೆ ಕಲಿಸಿದ ಕೈಯೇ ಮೇಷ್ಟರ ಶಾಲೆಯ ಬಾಗಿಲನ್ನೂ ತಟ್ಟಿತು. ಆ ಹುದ್ದೆ ಅವರ ಹೆಸರಿಗೇ ಅಂಟಿಕೊಂಡಿತು. ಡೆಪ್ಯುಟಿ ಚನ್ನಬಸಪ್ಪ ಎಂದೇ ನಾಡು ಇಂದಿಗೂ ಅವರನ್ನು ಗೌರವದಿಂದ ನೆನೆಯುತ್ತದೆ.

ಈ ಎಳೆ ಇನ್ನೂ ಕಡಿದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ‘ನಲಿಕಲಿ’ ಮೊದಲಾದಾಗ, ಶಿಕ್ಷಕರೇ ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿಯ ಕಲಿಕೆಯ ಬಗೆಯನ್ನು ಕಣ್ಣಾರೆ ಕಂಡು ಬಂದರು. ತಮ್ಮ ಮಕ್ಕಳಿಗೆ ಒಪ್ಪುವ ಹಾಗೆ ಅದನ್ನು ಮಾರ್ಪಡಿಸಿಕೊಂಡರು. ಈಗ ನಮ್ಮ ರಾಜ್ಯದಲ್ಲಿ ಶಾಲೆಗಳ ಒಂದೊಂದು ಗುಂಪಿಗೂ ‘ಸಮೂಹ ಸಂಪನ್ಮೂಲ ವ್ಯಕ್ತಿ’ ಎಂಬವರುಂಟು. ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತು ಪಾಠ ನೋಡಿ, ಮಗು ಎಲ್ಲಿ ಎಡವಿತು, ಏಕೆ ಎಡವಿತು ಎಂದು ಆಮೇಲೆ ಮೇಷ್ಟರೊಡನೆ ಸ್ನೇಹದಿಂದ ಮಾತನಾಡಿದರೆ ಆ ಹೆಸರು ಸಾರ್ಥಕ. ಬರಿಯ ಅಂಕಿ ಅಂಶ ಬರೆದುಕೊಂಡು ಹೊರಟುಬಿಟ್ಟರೆ, 1862 ನಮ್ಮಲ್ಲಿಗೇ ಮರಳಿ ಬಂದಂತೆ.

ನಿಮ್ಮ ಮನೆಯ ಮಗು ಒತ್ತಕ್ಷರ ತಪ್ಪಿತೆಂದು ಮೇಷ್ಟರನ್ನು ದೂರುವ ಮುನ್ನ ಒಂದು ಮಾತು ಕೇಳಿಕೊಳ್ಳಿ: ಅವರಿಗೆ ಹೇಳಿಕೊಡುವವರು, ಬೆನ್ನಿಗೆ ನಿಲ್ಲುವವರು ಯಾರಾದರೂ ಇದ್ದಾರೆಯೆ?