ಒಂದು ತಲೆನೋವು, ಎರಡು ಗ್ರಂಥಗಳು

ತಲೆನೋವು ಬಾರದ ಮನುಷ್ಯನಿಲ್ಲ. ಆದರೂ ಅದರ ಚರಿತ್ರೆಯನ್ನು ಹುಡುಕಹೊರಟರೆ ನಮಗೆ ಎದುರಾಗುವವರು ಬಹುಮಟ್ಟಿಗೆ ವೈದ್ಯರೇ. ಅರ್ಧತಲೆಯ ನೋವನ್ನು ಗ್ರೀಕರು 'ಹೆಮಿಕ್ರೇನಿಯ' ಎಂದರು, ನಮ್ಮ ಆಯುರ್ವೇದದವರು 'ಅರ್ಧಾವಭೇದಕ'ವೆಂದರು. ಹೆಸರಿಟ್ಟವರು ಉಂಟು, ನೊಂದವರ ಮಾತು ಮಾತ್ರ ದುರ್ಲಭ. ಇಬ್ಬರ ಮಾತೂ ಉಳಿದುಬಂದಿರುವ ಒಂದು ಪ್ರಸಂಗವು 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ದೊರೆಯುತ್ತದೆ.

ವೈದ್ಯನು ಥಾಮಸ್ ವಿಲ್ಲಿಸ್. ಮಿದುಳಿನ ತಳದಲ್ಲಿರುವ ರಕ್ತನಾಳಗಳ ವರ್ತುಲವನ್ನು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. 1672ರಲ್ಲಿ ಪ್ರಕಟವಾದ ತನ್ನ ಲ್ಯಾಟಿನ್ ಗ್ರಂಥದಲ್ಲಿ ಅವನು, ತಲೆನೋವು ಹುಟ್ಟುವುದು ಮಿದುಳಿನ ತಿರುಳಿನಲ್ಲಲ್ಲ, ಅದನ್ನು ಹೊದ್ದಿರುವ ಪೊರೆಗಳಲ್ಲಿ ಎಂದು ಬರೆದನು. ಮಿದುಳಿಗೆ ತನ್ನ ನೋವು ತಿಳಿಯದೆಂಬುದನ್ನು ಇಂದಿನ ವೈದ್ಯಶಾಸ್ತ್ರವೂ ಒಪ್ಪುತ್ತದೆ. ಔಷಧಗಳ ವಿಷಯದಲ್ಲಿ ಅವನು ತನ್ನ ಕಾಲದವನೇ. ಆದರೆ ತಲೆನೋವಿಗೆ ಕಾಫಿಯನ್ನು ಹೊಗಳಿದುದಕ್ಕಾಗಿ ನಮ್ಮಲ್ಲಿ ಅನೇಕರು ಅವನನ್ನು ಮನ್ನಿಸಬಹುದು.

ಅದೇ ಗ್ರಂಥದಲ್ಲಿ ಹೆಸರಿಲ್ಲದ ಒಬ್ಬ ಕುಲೀನ ಸ್ತ್ರೀಯ ವೃತ್ತಾಂತವಿದೆ. 12ನೆಯ ವಯಸ್ಸಿನಲ್ಲಿ ಜ್ವರ ಬಂದುಹೋದ ಮೇಲೆ ಹತ್ತಿದ ನೋವು 20 ವರ್ಷಗಳಾದರೂ ಬಿಟ್ಟಿರಲಿಲ್ಲ. ನೋವು ಏರಿದಾಗ ಆಕೆ ಬೆಳಕನ್ನೂ ಮಾತನ್ನೂ ಸಹಿಸಲಾರದೆ, ಕತ್ತಲೆಯ ಕೋಣೆಯಲ್ಲಿ ಅನ್ನನಿದ್ರೆಗಳಿಲ್ಲದೆ ಕುಳಿತಿರುವಳು. ಪಾದರಸದ ಲೇಪದಿಂದ ಪ್ರಾಣಕ್ಕೇ ಸಂಚಕಾರ ಬಂದಿತ್ತು. ರಕ್ತಪರಿಚಲನೆಯನ್ನು ಲೋಕಕ್ಕೆ ತಿಳಿಸಿದ ಹಾರ್ವೆಯಂಥವನೇ ತಲೆಬುರುಡೆಯನ್ನು ಕೊರೆಯಿಸಿಕೊಳ್ಳೆಂದು ಸಲಹೆಮಾಡಿದನು. 1656ರಲ್ಲಿ ಆಕೆ ಫ್ರಾನ್ಸಿಗೂ ಹೋದಳು. ಅಲ್ಲಿ ಬುರುಡೆಯ ಬದಲು ರಕ್ತನಾಳಗಳನ್ನು ಕೊಯ್ದರು. 1666ರಲ್ಲಿ, ಕೈಸೋಕಿಸಿ ರೋಗ ಕಳೆಯುವನೆಂದು ಪ್ರಸಿದ್ಧನಾಗಿದ್ದ ಗ್ರೇಟ್ರೇಕ್ಸನನ್ನು ಐರ್ಲೆಂಡಿನಿಂದ ಕರೆಸಿದರು. ಯಾವುದರಿಂದಲೂ ಗುಣವಾಗಲಿಲ್ಲ.

ಈಕೆಯೇ ಆ್ಯನ್ ಕಾನ್‌ವೇ. ಸ್ತ್ರೀಯರಿಗೆ ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿದ್ದ ಆ ಕಾಲದಲ್ಲಿ ಆಕೆ ಕೇಂಬ್ರಿಜ್ಜಿನ ಹೆನ್ರಿ ಮೋರನಿಂದ ಪತ್ರಮುಖೇನ ತತ್ತ್ವಶಾಸ್ತ್ರವನ್ನು ಕಲಿತಳು. ಕೊನೆಯ ವರ್ಷಗಳಲ್ಲಿ ತನ್ನ ವಿಚಾರಗಳನ್ನು ತಾನೇ ಬರೆದಿಟ್ಟಳು. ದೇಹವೂ ಆತ್ಮವೂ ಬೇರೆಬೇರೆ ದ್ರವ್ಯಗಳೆಂದು ಡೇಕಾರ್ಟನು ಸಾರಿದ್ದನಷ್ಟೆ. ಹಾಗಾದರೆ ದೇಹಕ್ಕೆ ಪೆಟ್ಟಾದಾಗ ಆತ್ಮವೇಕೆ ನೋಯಬೇಕು, ಎಂಬುದು ಆಕೆಯ ಪ್ರಶ್ನೆ. ಇವೆರಡೂ ಒಂದೇ ವಸ್ತುವಿನ ತರತಮಭೇದಗಳೆಂದು ಆಕೆ ನಿರ್ಣಯಿಸಿದಳು. ಗ್ರಂಥದಲ್ಲಿ ತನ್ನ ತಲೆನೋವಿನ ಕಥೆಯನ್ನು ಆಕೆ ಹೇಳುವುದಿಲ್ಲ. ಆದರೆ ಕತ್ತಲೆಯ ಕೋಣೆಯ ಅಷ್ಟು ವರ್ಷಗಳನ್ನು ಬದಿಗಿಟ್ಟು ಆ ಪ್ರಶ್ನೆಯನ್ನು ಓದುವುದು ನಮ್ಮಿಂದಾಗದು.

ಆಕೆಗಿದ್ದುದು ಮೈಗ್ರೇನ್ ಎಂದು ಈಚಿನ ಹಲವರು ಹೇಳುತ್ತಾರೆ. ಇರಬಹುದು. ರೋಗಿಯನ್ನು ಕಾಣದೆ 300 ವರ್ಷಗಳಾಚೆಯಿಂದ ರೋಗಕ್ಕೆ ಹೆಸರಿಡುವ ಈ ಉತ್ಸಾಹವು ನಮಗೆ ಅಷ್ಟಾಗಿ ರುಚಿಸದು. ವಿಲ್ಲಿಸನು ಕಣ್ಣಾರೆ ಕಂಡವನು. ಅವನು ತನ್ನ ಔಷಧವೂ ಫಲಿಸಲಿಲ್ಲವೆಂದು ಮರೆಮಾಚದೆ ಬರೆದಿದ್ದಾನೆ.

ಅವನು 1675ರಲ್ಲಿಯೂ ಆಕೆ 1679ರಲ್ಲಿಯೂ ತೀರಿಕೊಂಡರು. ಆಕೆಯ ಗ್ರಂಥವನ್ನು, ಕೊನೆಯವರೆಗೆ ಬಳಿಯಿದ್ದ ವೈದ್ಯಮಿತ್ರ ವಾನ್ ಹೆಲ್ಮಾಂಟನು ಕಾಪಾಡಿದನು. ಅದು 1690ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಲ್ಯಾಟಿನ್ನಿಗೆ ಪರಿವರ್ತಿತವಾಗಿ ಅಚ್ಚಾಯಿತು. ಅದರಲ್ಲಿಯೂ ಆಕೆಯ ಹೆಸರಿರಲಿಲ್ಲ.