ಕೊಲ್ಲಾಪುರದಲ್ಲಿ ಮಾತು ಕಲಿತ ಕನ್ನಡ ಚಿತ್ರ

ತೆರೆ ಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾದ ಈ ಚಿತ್ರ ತಯಾರಾದದ್ದು ಮಾತ್ರ ಮರಾಠಿ ನೆಲದ ಕೊಲ್ಲಾಪುರದಲ್ಲಿ, ಛತ್ರಪತಿ ಸ್ಟುಡಿಯೋದಲ್ಲಿ. ಹಣ ಹಾಕಿದವರು ಬೆಂಗಳೂರಿನಲ್ಲಿ ನೆಲೆಸಿದ್ದ ಮಾರವಾಡಿ ವರ್ತಕ ಚಮನ್‌ಲಾಲ್ ಡುಂಗಾಜಿ, ನಿರ್ದೇಶಕರು ವೈ. ವಿ. ರಾವ್.

ಮಾತು, ಹಾಡು ಬೆಳ್ಳಾವೆ ನರಹರಿ ಶಾಸ್ತ್ರಿಗಳವು. ಆರ್. ನಾಗೇಂದ್ರರಾಯರು ರಾವಣ, ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ. ರಾಯರೂ ನಾಯ್ಡು ಅವರೂ ಕಂಪನಿ ನಾಟಕಗಳಲ್ಲಿ ಬಣ್ಣ ಹಚ್ಚಿ ಪಳಗಿದವರು. ಮೈಕಿನ ನೆರವಿಲ್ಲದೆ ಕಡೆಯ ಸಾಲಿನವರಿಗೂ ಮಾತು ಮುಟ್ಟಿಸುವುದೇ ಆ ರಂಗಭೂಮಿ ಕಲಿಸಿದ ಪಾಠ. ನಮ್ಮ ಚಿತ್ರರಂಗಕ್ಕೆ ಮೊದಲ ಕಂಠ ಸಿಕ್ಕಿದ್ದು ಅಲ್ಲಿಂದಲೇ. ಇಪ್ಪತ್ತು ವರ್ಷಗಳ ಮೇಲೆ, 1954ರಲ್ಲಿ, ‘ಬೇಡರ ಕಣ್ಣಪ್ಪ’ದ ನಾಯಕರಾದ ರಾಜಕುಮಾರರೂ ಗುಬ್ಬಿ ಕಂಪನಿಯಲ್ಲಿ ಬೆಳೆದವರೇ.

ಪರಸ್ಥಳದಲ್ಲಿ ಕನ್ನಡದ ತೊದಲು ನುಡಿ ಕಲಿತ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಆದ್ದರಿಂದ ಈ ಕಥೆ ನಮಗೆ ಹತ್ತಿರದ್ದು. ಆದರೆ ‘ಸತಿ ಸುಲೋಚನಾ’ದ ಪ್ರತಿ ಇಂದು ಉಳಿದಿಲ್ಲ. ಹಿರಿಯರ ಟ್ರಂಕುಗಳಲ್ಲಿ ಹಳೆಯ ಚಿತ್ರಗಳ ಹಾಡಿನ ಪುಸ್ತಕ, ನಾಟಕದ ಕರಪತ್ರ ಸಿಕ್ಕರೆ ರದ್ದಿಗೆ ಹಾಕಬೇಡಿ. ಚಿತ್ರ ಹೋದ ಮೇಲೆ ಉಳಿಯುವ ಸಾಕ್ಷಿ ಅಷ್ಟೇ.