ಮಾರಿಯೋ ತಿಂದ ಅಣಬೆ: ಕ್ಯೋಟೋದಿಂದ ರಾಮಮೂರ್ತಿ ನಗರದವರೆಗೆ

ಮಳೆಗಾಲದಲ್ಲಿ ಒಂದೆರಡು ಗುಡುಗು ಗುಡುಗಿದರೆ ಸಾಕು, ನಮ್ಮೂರುಗಳ ಹುತ್ತದ ಪಕ್ಕ ಅಣಬೆ ಏಳುತ್ತದೆ. ಬೆಳಿಗ್ಗೆ ಬೇಗ ಹೋದವರಿಗೆ ಸಿಗುತ್ತದೆ, ತಡವಾಗಿ ಹೋದವರಿಗೆ ಇಲ್ಲ. ಇದು ನಿಮಗೂ ಗೊತ್ತು, ನಮಗೂ ಗೊತ್ತು. ಆದರೆ ಈ ಸಲ ನಾವು ಬರೆಯುತ್ತಿರುವುದು ಇನ್ನೊಂದು ಅಣಬೆಯ ಕಥೆ. ಇದು ಮಣ್ಣಿನಲ್ಲಿ ಏಳುವುದಿಲ್ಲ, ಟಿವಿ ಪರದೆಯ ಮೇಲೆ ಒಂದು ಪೆಟ್ಟಿಗೆಯೊಳಗಿಂದ ಏಳುತ್ತದೆ. ತಿಂದವನು ಎರಡರಷ್ಟು ಎತ್ತರ ಆಗುತ್ತಾನೆ.

ನಮ್ಮ ಗುಂಪಿನ ಇಬ್ಬರು ಓದು ಮುಗಿಸಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದಾಗ ಮೊದಲು ಉಳಿದದ್ದು ರಾಮಮೂರ್ತಿ ನಗರದ ಒಂದು ಬಾಡಿಗೆ ರೂಮಿನಲ್ಲಿ. ಕೋಲಾರ, ಮುಳಬಾಗಿಲು ಕಡೆಯ ಬಸ್ಸು ಹಿಡಿದು ಹಳೇ ಮದ್ರಾಸ್ ರಸ್ತೆಯಲ್ಲಿ ಬಂದರೆ ಟಿನ್ ಫ್ಯಾಕ್ಟರಿ ಹತ್ತಿರ ಇಳಿಯಬೇಕು, ಅಲ್ಲಿಂದ ಒಳಗೆ ಹೋಗಬೇಕು. ಒಂದು ಭಾನುವಾರ ಮನೆ ಮಾಲೀಕರ ಮಗ ಅಟ್ಟ ಚೊಕ್ಕಟ ಮಾಡುವಾಗ ಒಂದು ರಟ್ಟಿನ ಡಬ್ಬ ಇಳಿಸಿದರು. ಒಳಗೆ ಬೂದು ಬಣ್ಣದ ಒಂದು ಯಂತ್ರ, ಎರಡು ರಿಮೋಟು, ಹಳದಿ ಬಣ್ಣದ ಒಂದು ಕ್ಯಾಸೆಟ್. ಕ್ಯಾಸೆಟ್ ಮೇಲೆ "9999 ಇನ್ 1" ಅಂತ ಇಂಗ್ಲಿಷ್‌ನಲ್ಲಿ ಬರೆದಿತ್ತು. ಲೆಕ್ಕ ಹಾಕಿದರೆ ಒಳಗಿದ್ದದ್ದು ಹತ್ತೋ ಹನ್ನೆರಡೋ ಗೇಮು, ಅವೇ ಬೇರೆ ಬೇರೆ ಹೆಸರಲ್ಲಿ ಮತ್ತೆ ಮತ್ತೆ ಬರುತ್ತಿದ್ದವು.

"ಇದರಲ್ಲೇ ನಾವು ಮಾರಿಯೋ ಆಡಿದ್ದು" ಅಂದರು ಅಣ್ಣ. ಈಗ ಅವರಿಗೆ ನಲವತ್ತು ದಾಟಿದೆ. ಆ ಡಬ್ಬದಿಂದಲೇ ನಮ್ಮ ಹುಡುಕಾಟ ಶುರುವಾಯಿತು.

ಹಳ್ಳಿ ಕಡೆಯ ಹುಡುಗ ಮಾಡಿದ ಆಟ

'ಸೂಪರ್ ಮಾರಿಯೋ ಬ್ರದರ್ಸ್' ಜಪಾನ್‌ನಲ್ಲಿ ಬಿಡುಗಡೆಯಾದದ್ದು 1985ರ ಸೆಪ್ಟೆಂಬರ್ 13ರಂದು. ಮಾಡಿದ ಕಂಪನಿ ನಿಂಟೆಂಡೊ. ಇದು 1889ರಲ್ಲಿ ಕ್ಯೋಟೋ ನಗರದಲ್ಲಿ ಇಸ್ಪೀಟಿನಂಥ ಎಲೆಗಳನ್ನು ತಯಾರಿಸುವ ಅಂಗಡಿಯಾಗಿ ಶುರುವಾದದ್ದು. ಆಟ ರೂಪಿಸಿದ ತಂಡದ ಮುಖ್ಯಸ್ಥ ಶಿಗೆರು ಮಿಯಾಮೊಟೊ, ಜೊತೆಗೆ ತಕಾಶಿ ತೆಝುಕಾ. ಸಂಗೀತ ಕೋಜಿ ಕೊಂಡೊ ಅವರದು.

ಮಿಯಾಮೊಟೊ ಹುಟ್ಟಿದ್ದು 1952ರಲ್ಲಿ, ಕ್ಯೋಟೋ ಹತ್ತಿರದ ಸೊನೊಬೆ ಎಂಬ ಸಣ್ಣ ಊರಿನಲ್ಲಿ. ಸುತ್ತ ಗದ್ದೆ, ಕಾಡು, ಗುಡ್ಡ. ಚಿಕ್ಕವನಿದ್ದಾಗ ಕಾಡಲ್ಲಿ ತಿರುಗುತ್ತಾ ಒಂದು ಗುಹೆ ಕಂಡದ್ದನ್ನೂ, ದೀಪ ಹಿಡಿದು ಅದರೊಳಗೆ ಹೋದದ್ದನ್ನೂ ಅವರು ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಆಟದಲ್ಲಿ ನೆಲದೊಳಗಿನ ದಾರಿಗಳು, ಕಾಣದ ಜಾಗದಲ್ಲಿ ಅಡಗಿರುವ ಪೆಟ್ಟಿಗೆಗಳು ತುಂಬಿಕೊಂಡಿರುವುದನ್ನು ನೋಡಿದರೆ ಆ ಹುಡುಗನ ನೆನಪು ಬರುತ್ತದೆ.

ಅಣಬೆಯೇ ಯಾಕೆ? ಮಿಯಾಮೊಟೊ ಕೊಟ್ಟ ಕಾರಣ ಸರಳ. ಕಾಡಿಗೆ ಹೋದವರು ಮಾಯದ ಅಣಬೆ ತಿನ್ನುವ ಜಾನಪದ ಕಥೆಗಳು ಹಲವು ದೇಶಗಳಲ್ಲಿವೆ, ಹಾಗಾಗಿ ಮಾಯಾಲೋಕಕ್ಕೆ ಅಣಬೆ ಹೊಂದಿಕೊಳ್ಳುತ್ತದೆ ಅನ್ನಿಸಿತು ಎಂದಿದ್ದಾರೆ. ಮೊದಲು ಅವರ ತಂಡಕ್ಕೆ ಬೇಕಾಗಿದ್ದದ್ದು ದೊಡ್ಡ ಮಾರಿಯೋ. ಮಾಡುತ್ತಾ ಹೋದಂತೆ, ಸಣ್ಣವನಾಗಿ ಶುರುಮಾಡಿ ನಡುದಾರಿಯಲ್ಲಿ ದೊಡ್ಡವನಾದರೆ ಆಡುವವರಿಗೆ ಹೆಚ್ಚು ಖುಷಿ ಎಂದು ಹೊಳೆಯಿತು.

ಓದಲು ಬಾರದವನಿಗೂ ಪಾಠ

ಈಗ ನಮಗೆ ಬಹಳ ಹಿಡಿಸಿದ ಭಾಗ. ಆಟ ಶುರುವಾದ ತಕ್ಷಣ ಎದುರಿಂದ ಕಂದು ಬಣ್ಣದ ಒಂದು ಪುಟ್ಟ ವೈರಿ ನಡೆದು ಬರುತ್ತದೆ. ಅದರ ಹೆಸರು ಗೂಂಬಾ. ನೋಡಲು ಅದೂ ಅಣಬೆಯಂತೆಯೇ ಇದೆ. ಮುಟ್ಟಿದರೆ ಸಾವು. ಸ್ವಲ್ಪ ಮುಂದೆ ಪ್ರಶ್ನೆ ಗುರುತಿನ ಪೆಟ್ಟಿಗೆಯಿಂದ ಇನ್ನೊಂದು ಅಣಬೆ ಹೊರಬರುತ್ತದೆ. ಮೊದಲ ಸಲ ಆಡುವವನು ಏನು ಮಾಡುತ್ತಾನೆ? "ಇದೂ ಸಾಯಿಸುತ್ತೆ" ಅಂತ ಓಡುತ್ತಾನೆ.

ಆಟ ಮಾಡಿದವರಿಗೂ ಇದೇ ಚಿಂತೆ ಇತ್ತು. ಅದಕ್ಕೆ ಅವರು ದಾರಿಯನ್ನೇ ಹಾಗೆ ಕಟ್ಟಿದರು. ಪೆಟ್ಟಿಗೆಯಿಂದ ಬಂದ ಅಣಬೆ ಮೊದಲು ಬಲಕ್ಕೆ, ಅಂದರೆ ನಿಮ್ಮಿಂದ ದೂರ ಹೋಗುತ್ತದೆ. ಆಗ ಸ್ವಲ್ಪ ಸಮಾಧಾನ. ಕೆಳಗೆ ಬಿದ್ದು ಮುಂದಿನ ಹಸಿರು ಪೈಪಿಗೆ ಡಿಕ್ಕಿ ಹೊಡೆದು ವಾಪಸ್ ನಿಮ್ಮ ಕಡೆಗೇ ಬರುತ್ತದೆ. ಗಾಬರಿಯಾಗಿ ಹಾರಿದರೆ ಮೇಲಿನ ಇಟ್ಟಿಗೆಗೆ ತಲೆ ತಾಗಿ ಕೆಳಗೆ ಬರುತ್ತೀರಿ, ಅಣಬೆ ಬಂದು ತಾಗಿಯೇ ಬಿಡುತ್ತದೆ. ಮಾರಿಯೋ ದೊಡ್ಡವನಾಗುತ್ತಾನೆ. ಅಯ್ಯೋ, ಇದು ಒಳ್ಳೆಯದು! ಪಾಠ ಮುಗಿಯಿತು. ಒಂದು ಅಕ್ಷರವನ್ನೂ ಓದಬೇಕಾಗಿಲ್ಲ.

ದೊಡ್ಡವನಾದ ಮೇಲೆ ಎರಡು ಲಾಭ. ತಲೆಯಿಂದ ಗುದ್ದಿ ಇಟ್ಟಿಗೆ ಒಡೆಯಬಹುದು. ವೈರಿ ತಾಗಿದರೆ ಸಾಯುವುದಿಲ್ಲ, ಮತ್ತೆ ಸಣ್ಣವನಾಗುತ್ತಾನೆ ಅಷ್ಟೆ. ಅಂದರೆ ಒಂದು ತಪ್ಪಿಗೆ ಮಾಫಿ ಇದೆ. ಇನ್ನೊಂದು ಜಾಣತನ ನೋಡಿ: ಒಂದೇ ಪೆಟ್ಟಿಗೆಯನ್ನು ಸಣ್ಣ ಮಾರಿಯೋ ಗುದ್ದಿದರೆ ಅಣಬೆ ಬರುತ್ತದೆ, ದೊಡ್ಡ ಮಾರಿಯೋ ಗುದ್ದಿದರೆ ಬೆಂಕಿ ಹೂವು ಬರುತ್ತದೆ.

ಇಷ್ಟೆಲ್ಲ, ಎಂಟು ಲೋಕ, ಲೋಕಕ್ಕೆ ನಾಲ್ಕರಂತೆ 32 ಸ್ಟೇಜು, ಸಂಗೀತ, ಎಲ್ಲವೂ ಸೇರಿ ಆ ಆಟದ ಗಾತ್ರ 40 ಕಿಲೋಬೈಟ್. ವಾಟ್ಸಾಪ್‌ನಲ್ಲಿ ಬೆಳಿಗ್ಗೆ ಬರುವ ಶುಭೋದಯದ ಫೋಟೋ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದಿರುತ್ತದೆ. ಜಾಗ ಉಳಿಸಲು ಏನೆಲ್ಲ ಮಾಡಿದರು! ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಅಣಬೆಯಲ್ಲೂ ಹಾಗೆಯೇ. ಬೆಳೆಸುವ ಅಣಬೆಗೂ, ಒಂದು ಜೀವ ಹೆಚ್ಚಿಸುವ ಹಸಿರು ಅಣಬೆಗೂ ಒಂದೇ ಚಿತ್ರ.

ಕರಿಬಿಳಿ ಟಿವಿಯ ಅಣಬೆ

ಇದನ್ನು ಹೇಳಿದಾಗ ಅಣ್ಣ ಜೋರಾಗಿ ನಕ್ಕರು. "ನಮ್ಮನೇಲಿ ಇದ್ದದ್ದು ಬ್ಲ್ಯಾಕ್ ಅಂಡ್ ವೈಟ್ ಟಿವಿ. ಯಾವ ಅಣಬೆ ಯಾವುದಕ್ಕೆ ಅಂತ ನೋಡಿದ ತಕ್ಷಣ ಗೊತ್ತಾಗ್ತಾನೇ ಇರಲಿಲ್ಲ. ತಿಂದ ಮೇಲೆ ದೊಡ್ಡೋನಾದ್ರೆ ಅದು, ಆಗದಿದ್ರೆ ಲೈಫು" ಅಂದರು. ನಮ್ಮ ದೇಶಕ್ಕೆ ಬಣ್ಣದ ಟಿವಿ ಬಂದದ್ದು 1982ರಲ್ಲಿ, ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ. ಆದರೆ ಎಷ್ಟೋ ಮನೆಗಳಲ್ಲಿ 90ರ ದಶಕದಲ್ಲೂ ಕರಿಬಿಳಿ ಟಿವಿಯೇ ಇತ್ತು.

ಆ ಯಂತ್ರ ನಿಂಟೆಂಡೊ ಮಾಡಿದ್ದಲ್ಲ. ನಿಂಟೆಂಡೊ 1983ರ ಜುಲೈ 15ರಂದು ಜಪಾನ್‌ನಲ್ಲಿ ಬಿಟ್ಟ 'ಫ್ಯಾಮಿಕಾಮ್' ಯಂತ್ರವನ್ನು ನೋಡಿ ಬೇರೆಯವರು ತಯಾರಿಸಿದ ನಕಲು. ಅಸಲಿ ಯಂತ್ರ ಪ್ರಪಂಚದಲ್ಲಿ 6 ಕೋಟಿಗೂ ಹೆಚ್ಚು ಮಾರಾಟವಾಯಿತು. ಆದರೆ ನಮ್ಮಲ್ಲಿ ಹೆಚ್ಚಿನ ಮಕ್ಕಳ ಕೈಗೆ ಸಿಕ್ಕಿದ್ದು ಅಗ್ಗದ ನಕಲೇ. ನಕಲು ಕ್ಯಾಸೆಟ್ಟಿನ ದುಡ್ಡಿನಲ್ಲಿ ಒಂದು ಪೈಸೆಯೂ ಮಿಯಾಮೊಟೊ ಅವರ ಕಂಪನಿಗೆ ಹೋಗಿರಲಿಕ್ಕಿಲ್ಲ. ಇದು ಸರಿಯಲ್ಲ ಅಂತ ನಾವು ಹೇಳಲೇಬೇಕು. ನಾವು ಬರೆದದ್ದನ್ನು ಯಾರಾದರೂ ಹೆಸರು ತೆಗೆದು ಹಾಕಿಕೊಂಡರೆ ನಮಗೂ ಸಿಟ್ಟು ಬರುತ್ತದೆ. ಹಾಗಂತ ಆ ನಕಲು ಇಲ್ಲದಿದ್ದರೆ ರಾಮಮೂರ್ತಿ ನಗರದ ಒಂದು ಸಾಧಾರಣ ಮನೆಗೆ ಮಾರಿಯೋ ಬರುತ್ತಿರಲಿಲ್ಲ ಅನ್ನುವುದೂ ಅಷ್ಟೇ ನಿಜ. ಎರಡನ್ನೂ ಪಕ್ಕಪಕ್ಕದಲ್ಲೇ ಇಟ್ಟು ನೋಡಬೇಕು.

ಆಗ ಈ ಭಾಗ ಊರೂ ಅಲ್ಲದ, ಪೇಟೆಯೂ ಅಲ್ಲದ ಜಾಗ. ಪಕ್ಕದಲ್ಲಿ ದೂರವಾಣಿ ನಗರ, ಅಲ್ಲಿ 1948ರಲ್ಲಿ ಶುರುವಾದ ಐಟಿಐ ಟೆಲಿಫೋನ್ ಕಾರ್ಖಾನೆ. ಆ ಕಡೆ ಕಲ್ಕೆರೆ ಕೆರೆ. ಕೆ.ಆರ್. ಪುರ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದ್ದೇ 2007ರಲ್ಲಿ. ಕರೆಂಟಿನ ಕಥೆ ಹಳ್ಳಿಯದ್ದೇ. ಕೆಇಬಿ ಹೋಗಿ 1999ರಲ್ಲಿ ಕೆಪಿಟಿಸಿಎಲ್ ಬಂತು, 2002ರಲ್ಲಿ ಬೆಸ್ಕಾಂ ಬಂತು, ಜನರ ಬಾಯಲ್ಲಿ ಮಾತ್ರ "ಕೆಇಬಿಯೋರು ತೆಗೆದ್ರು" ಅನ್ನುವುದೇ ಉಳಿಯಿತು. ಮೊದಲ ಮಾರಿಯೋ ಆಟದಲ್ಲಿ ಆಡಿದ್ದನ್ನು ಉಳಿಸಿಕೊಳ್ಳುವ ವ್ಯವಸ್ಥೆ ಇಲ್ಲ. ಏಳನೇ ಲೋಕಕ್ಕೆ ಹೋದಾಗ ಕರೆಂಟ್ ಹೋದರೆ ಮುಗಿಯಿತು. ಮತ್ತೆ ಮೊದಲ ಲೋಕ, ಮತ್ತೆ ಅದೇ ಪೆಟ್ಟಿಗೆ, ಮತ್ತೆ ಅದೇ ಅಣಬೆ.

ಇಂಗ್ಲಿಷ್ ಕೇಳದ ಒಂದು ವಸ್ತು

ಅಣ್ಣ ಇನ್ನೊಂದು ಮಾತು ಹೇಳಿದರು. ಅದಕ್ಕಾಗಿಯೇ ನಾವು ಈ ಬರಹ ಬರೆದದ್ದು. "ನಾನು ಕನ್ನಡ ಮೀಡಿಯಂ. ಎಂಟನೇ ಕ್ಲಾಸಲ್ಲಿ ಇಂಗ್ಲಿಷ್ ಅಂದ್ರೆ ಹೊಟ್ಟೆಲಿ ನಡುಕ. ಪಕ್ಕದ ಮನೆ ಹುಡುಗ ಇಂಗ್ಲಿಷ್ ಸ್ಕೂಲು. ಎಲ್ಲದರಲ್ಲೂ ಅವನೇ ಮುಂದೆ. ಮಾರಿಯೋಲಿ ಮಾತ್ರ ಅವನು ನನ್ನ ಕೇಳ್ಕೊಂಡು ಬರೋನು."

ನಮಗೆ ಒಂದು ಕ್ಷಣ ಮಾತು ಬರಲಿಲ್ಲ. ನಮ್ಮ ಗುಂಪಿನವರೆಲ್ಲ ಹಳ್ಳಿ ಶಾಲೆಯಲ್ಲಿ ಓದಿದವರು. ಬೆಂಗಳೂರಿನ ಕಚೇರಿಗಳಲ್ಲಿ ಇಂಟರ್‌ವ್ಯೂಗೆ ಕೂತಾಗ ಕೆಲಸ ಗೊತ್ತಿದ್ದೂ ನಾಲಿಗೆ ಕಟ್ಟಿಹೋದದ್ದು ಎಲ್ಲರಿಗೂ ನೆನಪಿದೆ. ಬೇರೆ ಭಾಷೆಯಲ್ಲಿ ಸೂಚನೆ ಬರೆದು, ಅದು ಅರ್ಥವಾಗದವನನ್ನು ದಡ್ಡ ಅನ್ನುವುದು ಸುಲಭ. ಜಪಾನಿನ ತಂಡ ಅದನ್ನು ಮಾಡಲಿಲ್ಲ. ಆಡುವವನು ಹೆದರುತ್ತಾನೆ ಎಂದು ಮೊದಲೇ ಊಹಿಸಿ, ಹೆದರಿಕೊಂಡರೂ ಕಲಿಯುವ ಹಾಗೆ ದಾರಿ ಹಾಕಿದರು. ಅದಕ್ಕೇ ಜಪಾನೀ ಭಾಷೆಯ ಒಂದಕ್ಷರ ಬಾರದ ಹುಡುಗ ಕೆ.ಆರ್. ಪುರದ ಪಕ್ಕ ಕೂತು ಆ ಪಾಠ ಕಲಿತ.

ಬೆಳೆದ ಅಣಬೆ, ಕೆಟ್ಟ ಅಣಬೆ

ಮುಂದಿನ ಆಟಗಳಲ್ಲಿ ಅಣಬೆ ನಾನಾ ರೂಪ ತಾಳಿತು. 1986ರಲ್ಲಿ ಜಪಾನ್‌ನಲ್ಲಿ ಬಂದ ಎರಡನೇ ಭಾಗದಲ್ಲಿ ವಿಷದ ಅಣಬೆ ಬಂತು. ಅಣಬೆ ಒಳ್ಳೆಯದೆಂದು ಕಲಿತವರನ್ನು ಅದು ಬೀಳಿಸಿತು. 1996ರ 'ಸೂಪರ್ ಮಾರಿಯೋ 64' ಆಟದಲ್ಲಿ ಬೆಳೆಸುವ ಅಣಬೆಯೇ ಇರಲಿಲ್ಲ. 2006ರ 'ನ್ಯೂ ಸೂಪರ್ ಮಾರಿಯೋ ಬ್ರದರ್ಸ್'ನಲ್ಲಿ ಮರಳಿ ಬಂತು, ಜೊತೆಗೆ ಪರದೆ ತುಂಬುವಷ್ಟು ದೊಡ್ಡವನನ್ನಾಗಿ ಮಾಡುವ ಇನ್ನೊಂದು ಅಣಬೆಯನ್ನೂ ಕರೆತಂತು. 2017ರಲ್ಲಿ ಆಂಡ್ರಾಯ್ಡ್ ಫೋನಿಗೆ 'ಸೂಪರ್ ಮಾರಿಯೋ ರನ್' ಬಂತು. 2023ರ ಸಿನಿಮಾದಲ್ಲಂತೂ ಮಾರಿಯೋಗೆ ಅಣಬೆ ಅಂದರೆ ಆಗುವುದೇ ಇಲ್ಲ, ಆದರೂ ತಿನ್ನಲೇಬೇಕಾಗುತ್ತದೆ.

ಇಲ್ಲಿ ಒಂದು ಮಾತು, ಮನೆಯಲ್ಲಿ ಚಿಕ್ಕ ಮಕ್ಕಳಿರುವವರಿಗೆ. ಈಗಿನ ಆಟಗಳ ಕೆಂಪು ಟೊಪ್ಪಿ, ಬಿಳಿ ಚುಕ್ಕೆಯ ಅಣಬೆಯನ್ನೇ ಹೋಲುವ ಅಣಬೆ ತಂಪು ದೇಶಗಳ ಕಾಡಿನಲ್ಲಿ ನಿಜವಾಗಿ ಇದೆ, ಅದು ವಿಷದ್ದು. ಹಾಗಂತ ಬಣ್ಣ ಇಲ್ಲದ್ದೆಲ್ಲ ಒಳ್ಳೆಯದು ಅಂತಲ್ಲ. ಪ್ರಾಣ ತೆಗೆಯುವ ಅಣಬೆಗಳಲ್ಲಿ ಕೆಲವು ಬೆಳ್ಳಗೆ, ಸಾದಾ ಆಗಿಯೇ ಇರುತ್ತವೆ. ಅವುಗಳ ವಿಷ ಬೇಯಿಸಿದರೂ ಹೋಗುವುದಿಲ್ಲ. ವಾಂತಿ, ಭೇದಿ ಶುರುವಾಗುವುದು ತಿಂದು ಆರು ಗಂಟೆ, ಕೆಲವೊಮ್ಮೆ ಅದಕ್ಕಿಂತ ಎಷ್ಟೋ ಹೊತ್ತು ಕಳೆದ ಮೇಲೆ. ಊರಿನ ಹಿರಿಯರು ಗುರುತಿಸಿದ್ದನ್ನು ಬಿಟ್ಟು ಬೇರೆ ಮುಟ್ಟಬೇಡಿ. ಅನುಮಾನ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ. ಇಲ್ಲಿ ಎರಡನೇ ಲೈಫು ಇಲ್ಲ.

ಆ ಭಾನುವಾರ ಅಟ್ಟದ ಯಂತ್ರ ಕೆಲಸ ಮಾಡಲಿಲ್ಲ. ಕ್ಯಾಸೆಟ್ ತೆಗೆದು ಊದಿದೆವು, ಮತ್ತೆ ಹಾಕಿದೆವು, ಟಿವಿಯಲ್ಲಿ ಬರೀ ಮಳೆ. ಕೊನೆಗೆ ಅಣ್ಣ ತಮ್ಮ ಮಗಳ ಫೋನಿನಲ್ಲೇ ಮಾರಿಯೋ ಹಾಕಿಕೊಟ್ಟರು. ಎರಡನೇ ಕ್ಲಾಸಿನ ಆ ಹುಡುಗಿ ಪೆಟ್ಟಿಗೆ ಗುದ್ದಿದಳು. ಅಣಬೆ ಬಂತು. "ಅಪ್ಪಾ, ಇದು ಕಚ್ಚುತ್ತಾ?" ಅಂದಳು. ಅಣ್ಣ ಉತ್ತರ ಕೊಡಲಿಲ್ಲ. ನಮ್ಮನ್ನೂ ಸುಮ್ಮನಿರಿ ಅಂತ ಕೈಸನ್ನೆ ಮಾಡಿದರು.

ನಿಮ್ಮೂರಿನಲ್ಲಿ ಮಾರಿಯೋ ಮೊದಲು ಯಾರ ಮನೆಗೆ ಬಂತು? ಯಾರು ಯಾರ ಟಿವಿ ಮುಂದೆ ಕೂರುತ್ತಿದ್ದಿರಿ? ನಮಗೆ ಬರೆದು ಕಳಿಸಿ.